ಪೂಲ್ ಹೋಯ್ತು, ಬೆಲೆ ಬಂತು, ಆಮೇಲೆ?

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರ. ನಾಲ್ಕೂವರೆ ಎಕರೆ ಕಾಫಿ, ಪಕ್ಕದಲ್ಲಿ ಒಂದಿಷ್ಟು ಅಡಿಕೆ. ನಾನು ಬಿ.ಎ. ಕೊನೆಯ ವರ್ಷ, ಅರ್ಥಶಾಸ್ತ್ರ ಓದುತ್ತಿದ್ದೇನೆ. "ಮುಕ್ತ ಮಾರುಕಟ್ಟೆ ಅಂದರೆ ದೊಡ್ಡ ಮೀನು ಸಣ್ಣ ಮೀನನ್ನು ನುಂಗುವ ವ್ಯವಸ್ಥೆ" ಅಂತ ನಮ್ಮ ಮೇಷ್ಟ್ರು ಪಾಠ ಮಾಡುತ್ತಾರೆ. ಮನೆಗೆ ಬಂದರೆ ಅಪ್ಪ, "ಬೋರ್ಡಿನ ಕೈಯಿಂದ ಕಾಫಿ ಬಿಡಿಸಿಕೊಂಡ ಮೇಲೇ ನಾವು ದುಡ್ಡಿನ ಮುಖ ಕಂಡಿದ್ದು" ಅನ್ನುತ್ತಾರೆ. ಇಬ್ಬರಲ್ಲಿ ಯಾರ ಮಾತು ಸರಿ?

ಉತ್ತರ: ನಿಮ್ಮ ತಂದೆ ಹೇಳುತ್ತಿರುವುದು 1994ರಿಂದ 1997ರವರೆಗಿನ ಕಥೆ. ನಿಮ್ಮ ಮೇಷ್ಟ್ರು ಕಾಫಿಯ ಹೆಸರೆತ್ತದೆ ಇರಬಹುದು, ಆದರೆ ಅವರ ಮಾತು 2000ದಿಂದ 2004ರವರೆಗಿನ ಕಥೆಗೆ ಸರಿಯಾಗಿ ಹೊಂದುತ್ತದೆ. ತೋಟ ಅದೇ, ಗಿಡ ಅದೇ, ಕಾನೂನೂ ಅದೇ. ವರ್ಷ ಮಾತ್ರ ಬೇರೆ. ಬಂಡವಾಳಶಾಹಿ ಒಳ್ಳೆಯದಾ ಕೆಟ್ಟದ್ದಾ ಅಂತ ಪುಸ್ತಕ ಹಿಡಿದು ಚರ್ಚೆ ಮಾಡುವ ಬದಲು ನಿಮ್ಮ ಕಣದಲ್ಲಿ ಒಣಗುವ ಕಾಫಿಯನ್ನೇ ಇಟ್ಟುಕೊಂಡು ಮಾತಾಡೋಣ. ಒಂದು ಸರಕು ಸರ್ಕಾರದ ಹಿಡಿತದಿಂದ ಬಿಡುಗಡೆಯಾಗಿ ಪೂರ್ತಿ ಮಾರುಕಟ್ಟೆಯ ಕೈಗೆ ಹೋದದ್ದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆ ನಮ್ಮ ಕಡೆ ಬೇರೆ ಸಿಗುವುದು ಕಷ್ಟ.

ಮೊದಲು ಪೂಲ್ ಅಂದರೆ ಏನಿತ್ತು ಅಂತ ಹೇಳುತ್ತೇನೆ. ನಿಮ್ಮ ವಯಸ್ಸಿನವರಿಗೆ ಅದು ನಂಬಲಿಕ್ಕೇ ಆಗದ ಸಂಗತಿ. ಎರಡನೇ ಮಹಾಯುದ್ಧ ಶುರುವಾಗಿ ಯುರೋಪಿನ ಮಾರುಕಟ್ಟೆ ಕೈತಪ್ಪಿತು. ಬೆಲೆ ನೆಲ ಕಚ್ಚಿತು. ಬೆಳೆಗಾರರನ್ನು ಉಳಿಸಲಿಕ್ಕೆ 1942ರಲ್ಲಿ ಕಾಫಿ ಕಾಯ್ದೆ ಬಂತು, ಬೆಂಗಳೂರಿನಲ್ಲಿ ಕಾಫಿ ಬೋರ್ಡ್ ಬಂತು. ಬೆಳೆದ ಕಾಫಿಯನ್ನೆಲ್ಲ ಬೋರ್ಡಿನ ಪೂಲಿಗೆ ಹಾಕಬೇಕು. ಮನೆ ಬಳಕೆಗೆ, ಬಿತ್ತನೆಗೆ ಅಂತ ಒಂದಿಷ್ಟು ಇಟ್ಟುಕೊಳ್ಳಬಹುದು, ಅಷ್ಟೇ. ನಿಮ್ಮ ತೋಟದ ಕಾಫಿಯನ್ನು ನೀವೇ ಹೊರಗೆ ಮಾರಿದರೆ ಅಪರಾಧ. ಮಾರುವುದು ಬೋರ್ಡ್, ದೇಶದೊಳಗೂ ಅದೇ, ಹೊರದೇಶಕ್ಕೂ ಅದೇ. ಬೆಳೆಗಾರನಿಗೆ ಕಾಫಿ ಕೊಟ್ಟಾಗ ಒಂದಿಷ್ಟು ಮುಂಗಡ, ಆಮೇಲೆ ಮಾರಾಟವಾದ ಹಾಗೆ ಕಂತುಗಳು. ಕೊನೆಯ ಕಂತು ಬರುವಷ್ಟರಲ್ಲಿ ಎರಡು ಮೂರು ವರ್ಷ ಕಳೆದಿರುತ್ತಿತ್ತು. ಮಗಳ ಮದುವೆ ಗೊತ್ತು ಮಾಡಿ, ಹೋದ ವರ್ಷದ ಕಾಫಿ ಕಂತಿಗೆ ಕಾಯುತ್ತಾ ಕೂತ ಮನೆಗಳನ್ನು ನಾನು ನೋಡಿದ್ದೇನೆ.

ಯುದ್ಧ ಮುಗಿದರೂ ಈ ಏರ್ಪಾಡು ಮುಗಿಯಲಿಲ್ಲ. ಐವತ್ತು ವರ್ಷ ನಡೆಯಿತು. ಒಂದು ತಮಾಷೆ ಹೇಳುತ್ತೇನೆ ಕೇಳಿ. ಬೆಳೆಗಾರ ಬೋರ್ಡಿಗೆ ಕಾಫಿ ಕೊಡುವುದು ಮಾರಾಟ ಹೌದೋ ಅಲ್ಲವೋ ಅನ್ನುವ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ರಾಜ್ಯ ಸರ್ಕಾರ ಖರೀದಿ ತೆರಿಗೆ ಕೇಳಿತು. "ನಾವು ಖರೀದಿ ಮಾಡುತ್ತಲೇ ಇಲ್ಲ, ಕಾನೂನಿನ ಬಲದಿಂದ ತೆಗೆದುಕೊಳ್ಳುತ್ತಿದ್ದೇವೆ" ಅಂತ ವಾದ ಮಾಡಿದ್ದು ಸ್ವತಃ ಬೋರ್ಡು! 1988ರಲ್ಲಿ ಕೋರ್ಟು ಅದನ್ನು ಒಪ್ಪದೆ, ಇದು ಮಾರಾಟವೇ ಅಂದಿತು. ಕೋರ್ಟ್ ಏನೇ ಅನ್ನಲಿ, ಕಣದಲ್ಲಿ ನಿಂತ ಬೆಳೆಗಾರನಿಗೆ ಬೋರ್ಡಿನ ವಾದವೇ ಹೆಚ್ಚು ನಿಜ ಅನ್ನಿಸಿರಬೇಕು.

ಪೂಲಿನ ದೊಡ್ಡ ನಷ್ಟ ತಡವಾಗಿ ಬರುವ ದುಡ್ಡಲ್ಲ. ಅದು ಬೆಳೆಗಾರನ ಕಿವಿ ಮುಚ್ಚಿತ್ತು. ಯಾವ ದೇಶದಲ್ಲಿ ಯಾವ ರುಚಿಗೆ ಬೇಡಿಕೆ ಇದೆ, ಈ ವರ್ಷ ಯಾರ ಬೆಳೆ ಕೆಟ್ಟಿದೆ, ಯಾವುದೂ ಅವನಿಗೆ ತಲುಪುತ್ತಿರಲಿಲ್ಲ. ಹಣ್ಣು ನೋಡಿ ನೋಡಿ ಕುಯ್ಯಿಸಿ, ಸಿಪ್ಪೆ ಬಿಡಿಸುವ ಪಲ್ಪರ್‌ಗೆ ಹಾಕಿ, ಚೊಕ್ಕವಾಗಿ ಒಣಗಿಸಿದವನ ಕಾಫಿಯೂ ಪಕ್ಕದ ತೋಟದವನ ಕಾಫಿಯೂ ಒಂದೇ ರಾಶಿಗೆ ಬೀಳುತ್ತಿತ್ತು. ದರ್ಜೆ ಪ್ರಕಾರ ಬೆಲೆಯಲ್ಲಿ ವ್ಯತ್ಯಾಸ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ತೋಟದ ಹೆಸರು ಅಲ್ಲಿಗೆ ಮುಗಿಯುತ್ತಿತ್ತು. ಬೋರ್ಡಿಗೂ ಹೆಚ್ಚು ತಲೆನೋವಿರಲಿಲ್ಲ. ಸೋವಿಯತ್ ಒಕ್ಕೂಟ ಸಾಕಷ್ಟು ಕಾಫಿ ಕೊಳ್ಳುತ್ತಿತ್ತು, ಅದೂ ರೂಪಾಯಿ ಲೆಕ್ಕದಲ್ಲಿ. ಅಂತರರಾಷ್ಟ್ರೀಯ ಕಾಫಿ ಒಪ್ಪಂದದಲ್ಲಿ ಪ್ರತಿ ದೇಶಕ್ಕೂ ಇಷ್ಟು ಅಂತ ರಫ್ತಿನ ಕೋಟಾ ಇತ್ತು.

1989ರ ಜುಲೈನಲ್ಲಿ ಆ ಕೋಟಾ ಪದ್ಧತಿ ಮುರಿದುಬಿತ್ತು. 1991ರಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಪೂಲ್ ನಿಂತಿದ್ದ ಎರಡು ಕಂಬಗಳೂ ಬಿದ್ದವು. ಬೆಳೆಗಾರರು ಹೋರಾಟ ಮಾಡಿದರು ನಿಜ, ಆದರೆ ಕಂಬ ಬಿದ್ದಿರದಿದ್ದರೆ ದೆಹಲಿ ಅಷ್ಟು ಬೇಗ ಕೇಳುತ್ತಿತ್ತು ಅಂತ ನನಗೆ ಅನ್ನಿಸುವುದಿಲ್ಲ. 1992ರಲ್ಲಿ ಬೆಳೆಯ 30% ಅನ್ನು ದೇಶದೊಳಗೆ ತಾವೇ ಮಾರಿಕೊಳ್ಳಬಹುದು ಅಂತ ಆಯಿತು. 1993ರಲ್ಲಿ ಅರ್ಧದಷ್ಟು ಕಾಫಿ ಮುಕ್ತ. 1994ರಲ್ಲಿ 10 ಹೆಕ್ಟೇರ್‌ವರೆಗಿನ ಸಣ್ಣ ಬೆಳೆಗಾರರಿಗೆ ಪೂರ್ತಿ ಬಿಡುಗಡೆ. 1996ರ ಸೆಪ್ಟೆಂಬರ್‌ನಲ್ಲಿ ಎಲ್ಲರಿಗೂ.

ಈಗ ನಿಮ್ಮ ತಂದೆಯ ನೆನಪಿಗೆ ಬರೋಣ. 1994ರ ಜೂನ್, ಜುಲೈನಲ್ಲಿ ಬ್ರೆಜಿಲ್‌ನ ಕಾಫಿ ತೋಟಗಳ ಮೇಲೆ ಹಿಮ ಬಿದ್ದು ಗಿಡಗಳು ಸುಟ್ಟುಹೋದವು. ಜಗತ್ತಿನ ಬೆಲೆ ಕೆಲವೇ ವಾರಗಳಲ್ಲಿ ದುಪ್ಪಟ್ಟಿಗೂ ಮೀರಿ ಏರಿತು. ಇಲ್ಲಿ ಆಗ ತಾನೇ ಬಾಗಿಲು ತೆರೆದಿತ್ತು. ಸಣ್ಣ ಬೆಳೆಗಾರ ಮೊದಲ ಬಾರಿ ತನ್ನ ಕಾಫಿಯನ್ನು ತಾನೇ ಮಾರುತ್ತಾನೆ, ಅದೇ ಹೊತ್ತಿಗೆ ಬೆಲೆ ಆಕಾಶಕ್ಕೇರಿದೆ! ಹೊಸ ಮನೆ, ಹೊಸ ಜೀಪು, ಮಕ್ಕಳಿಗೆ ಬೆಂಗಳೂರು, ಮೈಸೂರಿನ ಕಾಲೇಜು. 1997ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಅರೇಬಿಕಾ ಜಾತಿಯ ಕಾಫಿ ಒಂದು ಪೌಂಡಿಗೆ 300 ಸೆಂಟ್ಸ್ ದಾಟಿತು. ಹಾಗಾಗಿ "ಬೋರ್ಡ್ ಬಿಟ್ಟಿತು, ದುಡ್ಡು ಬಂತು" ಅಂತ ನಿಮ್ಮ ತಂದೆಗೆ ಅನ್ನಿಸಿದ್ದರಲ್ಲಿ ತಪ್ಪೇನಿಲ್ಲ. ಆದರೆ ಆ ದುಡ್ಡಿನಲ್ಲಿ ಎಷ್ಟು ಪಾಲು ಮುಕ್ತ ಮಾರುಕಟ್ಟೆಯದು, ಎಷ್ಟು ಪಾಲು ಬ್ರೆಜಿಲ್‌ನ ಹಿಮದ್ದು ಅಂತ ಬಿಡಿಸಿ ನೋಡಬೇಕು, ಅಲ್ವಾ? ಪೂಲ್ ಇದ್ದಿದ್ದರೂ ಬೆಲೆ ಏರುತ್ತಿತ್ತು. ಏರಿದ ಬೆಲೆ ಇಷ್ಟು ಬೇಗ, ಇಷ್ಟು ಪೂರ್ತಿಯಾಗಿ ಬೆಳೆಗಾರನ ಜೇಬಿಗೆ ಬರುತ್ತಿರಲಿಲ್ಲ. ಮಾರುಕಟ್ಟೆಯ ಪಾಲು ಅಂದರೆ ಅದು.

ಆ ಪಾಲನ್ನು ಸಣ್ಣದು ಅಂತ ತಳ್ಳಿಹಾಕಬೇಡಿ. ಬೆಲೆಯ ಸುದ್ದಿ ನೇರ ಕಿವಿಗೆ ಬಿದ್ದಾಗ ಮನುಷ್ಯ ಹೇಗೆ ಬದಲಾಗುತ್ತಾನೆ ಅಂತ ಮಲೆನಾಡಿನಲ್ಲಿ ಕಣ್ಣಾರೆ ಕಂಡೆವು. ಗಿಡ ಹೂ ಬಿಡಲಿಕ್ಕೆ ಬೇಕಾದ ಹೂಮಳೆ ಬರಲಿ ಅಂತ ಆಕಾಶ ನೋಡುತ್ತಿದ್ದವರು ಕೆರೆ ತೋಡಿಸಿ ಸ್ಪ್ರಿಂಕ್ಲರ್ ಹಾಕಿದರು. ಅರೆಬರೆ ಬಿಟ್ಟಿದ್ದ ಜಾಗಕ್ಕೆ ಗಿಡ ತುಂಬಿಸಿದರು. 1990-91ರಲ್ಲಿ ಸುಮಾರು 1.7 ಲಕ್ಷ ಟನ್ ಇದ್ದ ದೇಶದ ಕಾಫಿ ಬೆಳೆ 2000-01ರಲ್ಲಿ 3 ಲಕ್ಷ ಟನ್ ಆಯಿತು. ಇದನ್ನು ಯಾವ ಅಧಿಕಾರಿಯೂ ಸುತ್ತೋಲೆ ಕಳಿಸಿ ಮಾಡಿಸಲಿಲ್ಲ. ಆಮೇಲೆ ತೋಟದ ಹೆಸರಿನಲ್ಲೇ ಕಾಫಿ ಮಾರುವವರು ಬಂದರು. 2019ರಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ ಈ ಊರಿನದ್ದೇ ಅಂತ ಗುರುತಿಸುವ ಜಿಐ ಟ್ಯಾಗ್ ಸಿಕ್ಕಿತು. ಎಲ್ಲವನ್ನೂ ಒಂದೇ ರಾಶಿಗೆ ಸುರಿಯುವ ಕಾಲದಲ್ಲಿ ಇಂಥ ಟ್ಯಾಗ್ ಇದ್ದಿದ್ದರೂ ಅದನ್ನು ಅಂಟಿಸಲಿಕ್ಕೆ ಬೆಳೆಗಾರನ ಕೈಯಲ್ಲಿ ಚೀಲವೇ ಇರುತ್ತಿರಲಿಲ್ಲ.

ತೊಂದರೆ ಎಲ್ಲಿ ಬಂತು ಅಂದರೆ, ಅದೇ ಸುದ್ದಿ ವಿಯೆಟ್ನಾಂನ ರೈತನ ಕಿವಿಗೂ ಬಿದ್ದಿತ್ತು. ಅಲ್ಲಿನ ಕಮ್ಯುನಿಸ್ಟ್ ಸರ್ಕಾರ 1986ರಲ್ಲೇ ಮಾರುಕಟ್ಟೆಯ ಬಾಗಿಲು ತೆರೆದಿತ್ತು. 1990ರಲ್ಲಿ ಒಂದು ಲಕ್ಷ ಟನ್ ಆಸುಪಾಸಿನಲ್ಲಿದ್ದ ಅವರ ಕಾಫಿ 2000ದಲ್ಲಿ 8 ಲಕ್ಷ ಟನ್ ಮುಟ್ಟಿತು. ಕೊಡಗಿನ ಪ್ಲಾಂಟರ್‌ಗಳ ನಿದ್ದೆ ಕೆಡಿಸಿದ್ದು ಕಮ್ಯುನಿಸ್ಟರ ಮುಕ್ತ ಮಾರುಕಟ್ಟೆ ಅನ್ನುವುದು ನನಗೆ ಈಗಲೂ ನಗು ತರಿಸುತ್ತದೆ. ನೋಡಿ, ಬೆಲೆ ಹೇಳುವುದು ಇವತ್ತಿನ ಸಮಾಚಾರ ಮಾತ್ರ. ಕಾಫಿ ಗಿಡ ಫಸಲು ಕೊಡಲಿಕ್ಕೆ ಮೂರು ನಾಲ್ಕು ವರ್ಷ ಬೇಕು. 1995ರ ಬೆಲೆ ನೋಡಿ ಇಲ್ಲೂ ಗಿಡ ನೆಟ್ಟರು, ಅಲ್ಲೂ ನೆಟ್ಟರು, ಬ್ರೆಜಿಲ್‌ನಲ್ಲೂ ನೆಟ್ಟರು. ಇನ್ನೊಬ್ಬ ಎಷ್ಟು ನೆಡುತ್ತಿದ್ದಾನೆ ಅಂತ ಯಾರಿಗೂ ಗೊತ್ತಿರಲಿಲ್ಲ. ಎಲ್ಲರ ಫಸಲೂ ಒಟ್ಟಿಗೆ ಬಂತು. 2001ರ ಕೊನೆಯಲ್ಲಿ ನ್ಯೂಯಾರ್ಕ್ ಬೆಲೆ ಪೌಂಡಿಗೆ 50 ಸೆಂಟ್ಸ್‌ಗಿಂತ ಕೆಳಗೆ ಬಂತು. ನಾಲ್ಕು ವರ್ಷದಲ್ಲಿ ಆರನೇ ಒಂದು ಭಾಗ!

ಆ ವರ್ಷಗಳಲ್ಲಿ ಗೊಬ್ಬರ ಹಾಕದೆ, ಕಳೆ ತೆಗೆಸದೆ, ಕಾಂಡ ಕೊರೆಯುವ ಬೋರರ್ ಹುಳು ಹಿಡಿದ ಗಿಡ ಕೀಳಿಸದೆ ಬಿಟ್ಟ ತೋಟಗಳಿದ್ದವು. ಕುಯಿಲಿನ ಕೂಲಿಯೂ ಗಿಟ್ಟುವುದಿಲ್ಲ ಅಂತ ಹಣ್ಣನ್ನು ಗಿಡದಲ್ಲೇ ಬಿಟ್ಟವರಿದ್ದರು. ಬೆಲೆ ಏರಿದಾಗ ತೆಗೆದ ಸಾಲ ಬೆಲೆ ಇಳಿದಾಗಲೂ ಅಷ್ಟೇ ಇರುತ್ತದೆ, ಬಡ್ಡಿ ಮಾತ್ರ ಬೆಳೆಯುತ್ತದೆ. ಸರ್ಕಾರ ಸಾಲವನ್ನು ಮುಂದಕ್ಕೆ ಹಾಕಿಕೊಟ್ಟಿತು. 2003ರಲ್ಲಿ 500 ಕೋಟಿ ರೂಪಾಯಿಯ ಬೆಲೆ ಸ್ಥಿರೀಕರಣ ನಿಧಿ ಅಂತ ಒಂದನ್ನು ತಂದಿತು. ಬೆಲೆ ಕುಸಿದ ವರ್ಷ ಅದರಿಂದ ಒಬ್ಬ ಬೆಳೆಗಾರನಿಗೆ ಸಿಗಬೇಕಾಗಿದ್ದದ್ದು ಸಾವಿರ ರೂಪಾಯಿ. ಹೌದು, ಸಾವಿರ. ಹೆಚ್ಚು ಜನ ಸೇರಲೇ ಇಲ್ಲ, ಸೇರದವರನ್ನು ದೂರುವ ಹಾಗೂ ಇಲ್ಲ.

ಆದರೂ ತೋಟ ಇದ್ದವನಿಗೆ ತೋಟ ಉಳಿಯಿತು. ಮರ ಮಾರಿದ, ಕಾಳುಮೆಣಸು ಮಾರಿದ, ಚಿನ್ನ ಅಡವಿಟ್ಟ, ಹೇಗೋ ದಾಟಿದ. ತೋಟದ ಕೂಲಿಯವರ ಲೈನ್ ಮನೆಯಲ್ಲಿದ್ದವರಿಗೆ ಆ ದಾರಿಯೂ ಇರಲಿಲ್ಲ. ಐದು ಹೆಕ್ಟೇರ್ ಮೇಲಿನ, 15 ಜನರಿಗಿಂತ ಕಡಿಮೆ ಇಲ್ಲದ ತೋಟಗಳಲ್ಲಿ 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆ ಪ್ರಕಾರ ಮನೆ, ಔಷಧಿಯ ಸೌಲಭ್ಯ ಇರಬೇಕಿತ್ತು. ಸಣ್ಣ ತೋಟದ ಕೂಲಿಯವರಿಗೆ ಅದೂ ಇರಲಿಲ್ಲ. ಬೆಲೆ ಬಿದ್ದ ಕೂಡಲೇ ಮೊದಲು ಕತ್ತರಿ ಬೀಳುವುದು ಕೆಲಸದ ದಿನಗಳಿಗೆ. 1997ರ 300 ಸೆಂಟ್ಸ್‌ನಲ್ಲಿ ಅವರಿಗೆ ಬಂದ ಪಾಲು ಚೂರು, 2001ರ 50 ಸೆಂಟ್ಸ್‌ನಲ್ಲಿ ಬಿದ್ದ ಪೆಟ್ಟು ಪೂರ್ತಿ. ನಿಮ್ಮ ಮೇಷ್ಟ್ರ ದೊಡ್ಡ ಮೀನು ಸಣ್ಣ ಮೀನಿಗಿಂತ ನಾನು ಇದನ್ನೇ ಮುಖ್ಯ ಅಂದುಕೊಳ್ಳುತ್ತೇನೆ. ಪೂಲ್ ಹೋದಾಗ ಬೆಳೆಗಾರನಿಗೆ ಬೆಲೆ ಸಿಕ್ಕಿತು, ಅದರ ಜೊತೆಗೇ ರಿಸ್ಕ್ ಕೂಡ ಬಂತು. ಅವನು ಆ ರಿಸ್ಕಿನಲ್ಲಿ ಆದಷ್ಟನ್ನು ತನಗಿಂತ ಕೆಳಗಿನವನಿಗೆ ದಾಟಿಸಿದ. ಕೆಟ್ಟವನಾಗಿ ಅಲ್ಲ, ಬೇರೆ ದಾರಿ ಇರಲಿಲ್ಲ.

ಮೇಲಿನವರ ಕಥೆ ಬೇರೆ. 1990ರ ದಶಕದ ಶುರುವಿನಲ್ಲಿ ಜಗತ್ತಿನಲ್ಲಿ ಕಾಫಿಯ ಚಿಲ್ಲರೆ ವಹಿವಾಟು ಸುಮಾರು 3,000 ಕೋಟಿ ಡಾಲರ್ ಇತ್ತು. ಬೆಳೆಯುವ ದೇಶಗಳಿಗೆ ಅದರಲ್ಲಿ 1,000ದಿಂದ 1,200 ಕೋಟಿ ಬರುತ್ತಿತ್ತು. ಹತ್ತು ವರ್ಷ ಕಳೆದು, ಬೆಲೆ ಕುಸಿದ ಹೊತ್ತಿಗೆ ವಹಿವಾಟು 7,000 ಕೋಟಿ ಡಾಲರ್ ಆಗಿತ್ತು, ಬೆಳೆಯುವ ದೇಶಗಳ ಪಾಲು 550 ಕೋಟಿಗೆ ಇಳಿದಿತ್ತು. ಕುಡಿಯುವವನ ಕಪ್ಪಿನ ಬೆಲೆ ಇಳಿಯಲಿಲ್ಲ. ಬೆಂಗಳೂರಿನ ದರ್ಶಿನಿಯಲ್ಲೂ ಇಳಿದ ನೆನಪು ನನಗಿಲ್ಲ. ಕೊಳ್ಳುವ ಕಡೆ ನಾಲ್ಕೈದು ದೊಡ್ಡ ಕಂಪನಿಗಳು, ಜಗತ್ತಿನ ಕಾಫಿಯ ಹತ್ತಿರ ಹತ್ತಿರ ಅರ್ಧ ಅವರ ಕೈಯಲ್ಲಿ. ಮಾರುವ ಕಡೆ ಲಕ್ಷಾಂತರ ಸಣ್ಣ ಬೆಳೆಗಾರರು. ಪುಸ್ತಕದ ಮುಕ್ತ ಮಾರುಕಟ್ಟೆಯಲ್ಲಿ ಎರಡೂ ಕಡೆ ಬಹಳ ಜನ ಇರಬೇಕು. ಇಲ್ಲಿ ಒಂದು ಕಡೆ ಮಾತ್ರ ಇದ್ದರು. ಇಲ್ಲಿ ನಿಮ್ಮ ಮೇಷ್ಟ್ರಿಗೆ ಪೂರ್ತಿ ಅಂಕ.

ನಿಮ್ಮೂರಲ್ಲೂ ಇದರ ಸಣ್ಣ ರೂಪ ಇದೆ. ಪ್ಲಾಂಟರ್ ಚೆನ್ನಾಗಿ ಕ್ಯೂರಿಂಗ್ (ಸಿಪ್ಪೆ ತೆಗೆದು ದರ್ಜೆ ಮಾಡುವುದು) ಮಾಡಿಸಿ, ನ್ಯೂಯಾರ್ಕ್, ಲಂಡನ್ ಎರಡೂ ಬೆಲೆ ನೋಡಿ, ಬೇಕಾದಾಗ ಮಾರುತ್ತಾನೆ. ನಾಲ್ಕೂವರೆ ಎಕರೆಯವನು ಊರಿನ ವ್ಯಾಪಾರಿಯ ಹತ್ತಿರ ಮಳೆಗಾಲದಲ್ಲೇ ಮುಂಗಡ ತೆಗೆದಿರುತ್ತಾನೆ. ಮೊಬೈಲ್‌ನಲ್ಲಿ ಬೆಲೆ ಗೊತ್ತಾಗುತ್ತದೆ, ಆದರೆ ಕಾಫಿ ಹೋಗಬೇಕಾದ್ದು ಅದೇ ವ್ಯಾಪಾರಿಗೆ. ತೇವ ಜಾಸ್ತಿ, ಬೀಜ ಬೀಳುವ ಪ್ರಮಾಣ, ಅಂದರೆ ಔಟ್‌ಟರ್ನ್ ಕಡಿಮೆ ಅಂತ ಅಲ್ಲಿಷ್ಟು ಇಲ್ಲಿಷ್ಟು ಮುರಿದುಕೊಳ್ಳುತ್ತಾನೆ. ನನ್ನ ಸೋದರಮಾವ ಒಬ್ಬ ವ್ಯಾಪಾರಿಗೆ ಬರೀ ಚೀಟಿಯ ಮೇಲೆ ಕಾಫಿ ಕೊಟ್ಟು, ಆ ವ್ಯಾಪಾರಿ ಊರು ಬಿಟ್ಟ ಮೇಲೆ ಚೀಟಿಯನ್ನು ಬಹಳ ವರ್ಷ ಟ್ರಂಕಿನಲ್ಲಿ ಇಟ್ಟುಕೊಂಡಿದ್ದರು. ಪೂಲಿನಲ್ಲಿ ದುಡ್ಡು ತಡವಾಗುತ್ತಿತ್ತು, ಆದರೆ ಬೋರ್ಡು ಊರು ಬಿಟ್ಟು ಓಡುತ್ತಿರಲಿಲ್ಲ ಅನ್ನುತ್ತಿದ್ದರು.

ಇನ್ನು ಅಡಿಕೆಗೆ ಬರೋಣ. ನಿಮ್ಮ ಪ್ರಶ್ನೆಯಲ್ಲಿ "ಒಂದಿಷ್ಟು ಅಡಿಕೆ" ಅಂತ ಇರುವುದನ್ನು ನೋಡಿ ನನಗೆ ಖುಷಿಯಾಯಿತು. ಕಾಫಿ ವಿಷಯದಲ್ಲಿ ಸರ್ಕಾರ ದೂರ ಇರಲಿ ಅನ್ನುವ ನಿಮ್ಮ ತಂದೆಯನ್ನು ಒಮ್ಮೆ ಅಡಿಕೆ ಆಮದಿನ ಬಗ್ಗೆ ಕೇಳಿ ನೋಡಿ. "ಹೊರಗಿನ ಅಡಿಕೆ ಒಂದು ಚೀಲವೂ ಬರಬಾರದು" ಅನ್ನುತ್ತಾರೆ, ಬೇಕಾದರೆ ಪಂದ್ಯ. ಕಾಫಿಯಲ್ಲಿ ನಾವು ಹೊರದೇಶಕ್ಕೆ ಮಾರುವವರು, ಹಾಗಾಗಿ ತೆರೆದ ಬಾಗಿಲು ಬೇಕು. ಅಡಿಕೆಯಲ್ಲಿ ನಾವು ದೇಶದೊಳಗೆ ಮಾರುವವರು, ಹಾಗಾಗಿ ಗೋಡೆ ಬೇಕು. 100% ಆಮದು ಸುಂಕ ಇದೆ. ಅದರ ಮೇಲೆ, ಕೆಜಿಗೆ 251 ರೂಪಾಯಿ ಇದ್ದ ಕನಿಷ್ಠ ಆಮದು ಬೆಲೆಯನ್ನು 2023ರ ಫೆಬ್ರವರಿಯಲ್ಲಿ 351 ರೂಪಾಯಿಗೆ ಏರಿಸಿದರು. ಕಾಳುಮೆಣಸಿಗೂ 2017ರ ಡಿಸೆಂಬರ್‌ನಲ್ಲಿ ಕೆಜಿಗೆ 500 ರೂಪಾಯಿ ಅಂತ ಇಂಥದ್ದೇ ಗೋಡೆ ಕಟ್ಟಿದರು. ಒಂದೇ ತೋಟದಲ್ಲಿ, ಒಂದೇ ನೆರಳಿನಲ್ಲಿ ಮುಕ್ತ ಮಾರುಕಟ್ಟೆಯೂ ಇದೆ, ಗೋಡೆ ಕಟ್ಟಿದ ಮಾರುಕಟ್ಟೆಯೂ ಇದೆ. ಇದು ಆಷಾಢಭೂತಿತನ ಅಂತ ನಾನು ಹೇಳುವುದಿಲ್ಲ. ಅಮೆರಿಕ, ಯುರೋಪ್ ಕೂಡ ತಮ್ಮ ರೈತರ ವಿಷಯ ಬಂದಾಗ ಹೀಗೇ ಮಾಡುತ್ತವೆ. ಆದರೆ ಗೋಡೆಗೂ ಬೆಲೆ ಇದೆ. ಅದನ್ನು ಕೊಳ್ಳುವವನು ತೆರುತ್ತಾನೆ. ಗೋಡೆ ಎತ್ತರವಾದಷ್ಟೂ ಕಳ್ಳದಾರಿಯಲ್ಲಿ ಮಾಲು ತರುವವನ ಲಾಭವೂ ಏರುತ್ತದೆ.

ಅಡಿಕೆಯಿಂದ ನಾನು ಕಲಿತದ್ದು ಗೋಡೆಯ ಪಾಠಕ್ಕಿಂತ ಕ್ಯಾಂಪ್ಕೊ ಪಾಠ. 1970ರ ಸುಮಾರಿಗೆ ಅಡಿಕೆ ಬೆಲೆ ಕುಸಿದಾಗ ಕರಾವಳಿಯ ಬೆಳೆಗಾರರು ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಸೇರಿ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಅನ್ನುವ ಸಹಕಾರ ಸಂಸ್ಥೆ ಕಟ್ಟಿದರು. ಅದು ಪೂಲ್ ಅಲ್ಲ. ಬೇಕಾದರೆ ಕೊಡಿ, ಬೇಡವಾದರೆ ಖಾಸಗಿ ವ್ಯಾಪಾರಿಗೇ ಕೊಡಿ. ಅದು ಮಾರುಕಟ್ಟೆಯಲ್ಲಿ ನಿಂತು ಕೊಳ್ಳುತ್ತದೆ, ತಕ್ಷಣ ದುಡ್ಡು ಕೊಡುತ್ತದೆ. ಅಷ್ಟರಿಂದಲೇ ಪಕ್ಕದ ವ್ಯಾಪಾರಿ ಸುಮ್ನೆ ಬಾಯಿಗೆ ಬಂದ ಬೆಲೆ ಹೇಳುವ ಹಾಗಿಲ್ಲ. ಸ್ಪರ್ಧೆ ಇಲ್ಲದ ಕಡೆ ಸ್ಪರ್ಧೆಯನ್ನು ಬೆಳೆಗಾರರೇ ಹುಟ್ಟಿಸಿದ್ದು ಇದು. ಕಾಫಿಯಲ್ಲಿ ಪೂಲ್ ತೆಗೆದಾಗ ಅದರ ಜಾಗದಲ್ಲಿ ಇಷ್ಟು ಗಟ್ಟಿಯಾದ ಇನ್ನೊಬ್ಬ ಕೊಳ್ಳುವವ ಎದ್ದು ನಿಲ್ಲಲಿಲ್ಲ. ನನ್ನ ಲೆಕ್ಕದಲ್ಲಿ ಆದ ತಪ್ಪು ಅದು. ಪೂಲ್ ತೆಗೆದದ್ದು ತಪ್ಪಲ್ಲ.

ಹಾಗಾದರೆ ಮತ್ತೆ ಪೂಲ್ ತರಬೇಕಾ? ಖಂಡಿತ ಬೇಡ. ಐವತ್ತು ವರ್ಷ ಅದನ್ನು ಕಂಡವರು ಯಾರೂ ಕೇಳುವುದಿಲ್ಲ.

ಬೆಲೆಯೊಳಗೆ ಬಾರದ ಇನ್ನೊಂದು ವಿಷಯ ಇದೆ, ನೆರಳು. ನಮ್ಮ ಕಾಫಿ ಕಾಡುಮರಗಳ ಕೆಳಗೆ ಬೆಳೆದದ್ದು. ಆ ಮರಗಳ ಕೆಳಗೆ ನೀರು ಇಂಗುತ್ತದೆ, ಕಾವೇರಿ, ಹೇಮಾವತಿ ಸೇರುತ್ತದೆ, ಬೆಂಗಳೂರಿನ ನಲ್ಲಿಗೆ ಬರುತ್ತದೆ. ಆ ನೀರಿಗೆ ಬೆಳೆಗಾರನಿಗೆ ಯಾರೂ ಒಂದು ಪೈಸೆ ಕೊಡುವುದಿಲ್ಲ. ಸಿಲ್ವರ್ ಓಕ್ ಹಾಕಿದರೆ ಮರ ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬುತ್ತದೆ, ಕಡಿಯಲಿಕ್ಕೆ ಅನುಮತಿಯ ತಾಪತ್ರಯ ಇಲ್ಲ. ಕಾಡುಮರ ಕಡಿಯಬೇಕಾದರೆ ಕಾಗದ ಹಿಡಿದು ಕಚೇರಿ ಸುತ್ತಬೇಕು. ಹಾಗಾಗಿ ಜನ ಸಿಲ್ವರ್ ಓಕ್ ನೆಟ್ಟರು. ಇಲ್ಲಿ ತಪ್ಪು ಯಾರದು, ಮಾರುಕಟ್ಟೆಯದಾ ಸರ್ಕಾರದ್ದಾ? ಇಬ್ಬರದ್ದೂ. ಮಾರುಕಟ್ಟೆಗೆ ಕಾಡುಮರದ ನೆರಳು ಕಾಣಿಸುವುದಿಲ್ಲ. ಸರ್ಕಾರ ಅದನ್ನು ಕಾಪಾಡಲು ಹೋಗಿ, ಅದನ್ನು ಬೆಳೆಸುವವನಿಗೇ ಶಿಕ್ಷೆ ಕೊಟ್ಟ ಹಾಗಾಯಿತು.

ಈಗ ಮತ್ತೆ ಚಕ್ರ ತಿರುಗಿದೆ. 2024ರ ಏಪ್ರಿಲ್‌ನಲ್ಲಿ ರೋಬಸ್ಟಾ ಚೆರ್ರಿಯ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ರೋಬಸ್ಟಾ ಕಾಫಿಯ, 50 ಕೆಜಿ ಚೀಲ 10,000 ರೂಪಾಯಿ ದಾಟಿತು. ಆ ವರ್ಷ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ಅರೇಬಿಕಾ 1977ರ ದಾಖಲೆಯನ್ನೂ ಮುರಿಯಿತು. ವಿಯೆಟ್ನಾಂನಲ್ಲಿ ಬರ, ಬ್ರೆಜಿಲ್‌ನಲ್ಲೂ ಬರ. ಅದರ ಜೊತೆಗೆ ವಿಯೆಟ್ನಾಂನ ರೈತರಲ್ಲಿ ಹಲವರು ಹಿಂದಿನ ವರ್ಷಗಳ ಕಡಿಮೆ ಬೆಲೆಗೆ ಬೇಸತ್ತು ಕಾಫಿ ಕಿತ್ತು ಡುರಿಯನ್ ಹಣ್ಣಿನ ಗಿಡ ಹಾಕಿದ್ದರು. ಕಾಫಿ ನೆಡಿಸಿದ್ದೂ ಬೆಲೆಯೇ, ಕೀಳಿಸಿದ್ದೂ ಬೆಲೆಯೇ. ಈ ಬೆಲೆ ನೋಡಿ ಇವತ್ತು ಎಲ್ಲೆಲ್ಲಿ ಯಾರ್ಯಾರು ಸಸಿ ನೆಡುತ್ತಿದ್ದಾರೆ ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಹಾಗಾಗಿ ಹೊಸ ತೋಟಕ್ಕೆ ಸಾಲ ಮಾಡುವ ಮೊದಲು ಹಳೆಯ ಸಾಲ ತೀರಿಸಿ ಅಂತ ನಿಮ್ಮ ತಂದೆಗೆ ಹೇಳಿ. ಮೆಣಸಿನ ಬಳ್ಳಿ ಬಿಡಬೇಡಿ. ಮಳೆಗಾಲದ ಮುಂಗಡ ಬ್ಯಾಂಕಿನಿಂದಲೋ ಸೊಸೈಟಿಯಿಂದಲೋ ಬರಲಿ, ಕಾಫಿ ಕೊಳ್ಳುವವನಿಂದ ಬೇಡ.

ನಿಮ್ಮ ಪರೀಕ್ಷೆಗೂ ಒಂದು ದಾರಿ ಹೇಳುತ್ತೇನೆ. ಮನೆಯಲ್ಲಿ ಹಳೆಯ ಲೆಕ್ಕದ ಪುಸ್ತಕಗಳಿದ್ದರೆ 1995, 2002, 2024 ಈ ಮೂರು ವರ್ಷಗಳ ಪುಟ ತೆಗೆಯಿರಿ. ಚೀಲ ಎಷ್ಟಕ್ಕೆ ಹೋಯಿತು, ಯಾರಿಗೆ ಹೋಯಿತು, ಗೊಬ್ಬರಕ್ಕೆಷ್ಟು, ಬಡ್ಡಿಗೆಷ್ಟು, ಕೂಲಿಗೆಷ್ಟು ಅಂತ ಮೂರು ಸಾಲು ಅಕ್ಕಪಕ್ಕ ಬರೆದುಕೊಳ್ಳಿ. 2002ರ ಪುಟದಲ್ಲಿ ಕೂಲಿಯ ಸಾಲು ಖಾಲಿ ಇದ್ದರೆ, ಆ ವರ್ಷ ನಿಮ್ಮ ತೋಟಕ್ಕೆ ಬರುತ್ತಿದ್ದವರು ಎಲ್ಲಿಗೆ ಹೋದರು ಅಂತ ಅಪ್ಪನನ್ನೇ ಕೇಳಿ. ಆಮೇಲೆ ಆ ಪುಸ್ತಕವನ್ನು ಮೇಷ್ಟ್ರಿಗೂ ಒಮ್ಮೆ ತೋರಿಸಿ. 1995ರ ಪುಟ ಮೊದಲು.